ಗ್ರಹಣದ ಬೆಳಿಗ್ಗೆ ತಾವಾಗಿಯೇ ಶುರುವಾದ ಪಂಪ್‌ಸೆಟ್ಟುಗಳು

ತಮಿಳುನಾಡಿನ ತಿರುನೆಲ್ವೇಲಿ ಸೀಮೆಯ ವಿಜಯನಾರಾಯಣದಲ್ಲಿ ನೌಕಾಪಡೆಯ ಐಎನ್‌ಎಸ್ ಕಟ್ಟಬೊಮ್ಮನ್ ನೆಲೆಯಿದೆ. 1990ರಲ್ಲಿ ಆರಂಭವಾದ ಈ ನೆಲೆ ಸಮುದ್ರದೊಳಗಿನ ಜಲಾಂತರ್ಗಾಮಿಗಳಿಗೆ ಸಂದೇಶ ಕಳಿಸುತ್ತದೆ. ಅದರ ಕರೆಹೆಸರು ವಿಟಿಎಕ್ಸ್, ಕಂಪನಾಂಕ 18.2 ಕಿಲೋಹರ್ಟ್ಸ್. ಅಲೆಯ ಉದ್ದ ಹದಿನಾರೂವರೆ ಕಿಲೋಮೀಟರು, ಅಂದರೆ ಒಂದೇ ಅಲೆಯೊಳಗೆ ಎಷ್ಟೋ ಊರುಗಳು ಹಿಡಿಸುತ್ತವೆ. ನಮ್ಮ ಹೊಲವಿರುವ ಸುರಪುರ ತಾಲ್ಲೂಕಿನ ದೇವಾಪುರ ಅಲ್ಲಿಂದ ಹೆಚ್ಚುಕಡಿಮೆ ನೇರ ಉತ್ತರಕ್ಕೆ, ಸುಮಾರು 900 ಕಿಲೋಮೀಟರು ದೂರದಲ್ಲಿದೆ. ಸಂದೇಶ ಗುಪ್ತಲಿಪಿಯಲ್ಲಿರುತ್ತದೆ, ಈ ಅಲೆ ಹಿಡಿಯುವ ನನ್ನಂಥ ಹವ್ಯಾಸಿಗೆ ಅದು ಬೇಕಾಗಿಯೂ ಇಲ್ಲ. ಅವನು ಅಳೆಯುವುದು ಅಲೆಯ ಬಲವನ್ನು ಮಾತ್ರ.

ಆ ಬಲ ದಿನವಿಡೀ ಒಂದೇ ಸಮ ಇರುವುದಿಲ್ಲ. ನೆಲ ಮತ್ತು ಅಯಾನುಗೋಳದ ನಡುವೆ ಪುಟಿಯುತ್ತ ಸಾಗುವ ಈ ಅಲೆಗೆ ಹಗಲಲ್ಲಿ ಚಾವಣಿ ಸುಮಾರು 70 ಕಿಲೋಮೀಟರು ಎತ್ತರದಲ್ಲಿ ಸಿಗುತ್ತದೆ. ಸೂರ್ಯ ಮುಳುಗಿದರೆ ಆ ಪದರ ಕರಗಿ ಚಾವಣಿ 85 ಕಿಲೋಮೀಟರಿಗೂ ಮೇಲೇರುತ್ತದೆ. ಅಷ್ಟು ಎತ್ತರಕ್ಕೆ ವಿಮಾನವೂ ಹೋಗುವುದಿಲ್ಲ, ಬಲೂನೂ ಹೋಗುವುದಿಲ್ಲ. ಉಪಗ್ರಹಗಳು ಅದಕ್ಕಿಂತ ಎಷ್ಟೋ ಮೇಲೆ ಸುತ್ತುತ್ತವೆ. ಅಲ್ಲಿನ ಸಮಾಚಾರವನ್ನು ಹೊಲದಲ್ಲಿ ಕೂತು ತಿಳಿಯಬಹುದು ಎನ್ನುವುದೇ ನನ್ನನ್ನು ಈ ಕೆಲಸಕ್ಕೆ ಹಚ್ಚಿತು.

ಬೇಕಾಗುವ ಸಾಮಾನು ದುಬಾರಿಯಲ್ಲ. ಕಟ್ಟಿಗೆಯ ಚೌಕಟ್ಟಿಗೆ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಸಿಗುವ ತಾಮ್ರದ ತಂತಿ ಸುತ್ತಿದರೆ ಲೂಪ್ ಆಂಟೆನಾ ಆಯಿತು. ಅದರಿಂದ ಬರುವುದನ್ನು ಸಣ್ಣ ಆಂಪ್ಲಿಫೈಯರ್ ಮೂಲಕ ಲ್ಯಾಪ್‌ಟಾಪಿನ ಸೌಂಡ್‌ಕಾರ್ಡಿಗೆ ಕೊಡಬೇಕು. ಸೆಕೆಂಡಿಗೆ 48,000 ಸಲ ಅಳೆಯುವ ಕಾರ್ಡು 24 ಕಿಲೋಹರ್ಟ್ಸ್‌ವರೆಗೂ ಹಿಡಿಯುತ್ತದೆ. ಜರ್ಮನಿಯ ಹವ್ಯಾಸಿಯೊಬ್ಬರು ಬರೆದ ಸ್ಪೆಕ್ಟ್ರಮ್ ಲ್ಯಾಬ್ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಗೆರೆ ಎಳೆಯುವ ಕೆಲಸ ಅದರದು.

ಹಗಲಲ್ಲೇ ಸೂರ್ಯ ಮರೆಯಾದರೆ ಚಾವಣಿ ಏನಾಗುತ್ತದೆ? 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ಇಂಥ ಅಳತೆಗೆಂದೇ ಬಂದಂತಿತ್ತು. ಕಂಕಣದ ದಾರಿ ಕಾಸರಗೋಡಿನ ಚೆರುವತ್ತೂರು, ಕೊಡಗಿನ ಕುಟ್ಟ ದಾಟಿ ಕೊಯಮತ್ತೂರು, ದಿಂಡಿಗಲ್ ಕಡೆಗೆ ಇಳಿಯುತ್ತಿತ್ತು. ವಿಜಯನಾರಾಯಣದಿಂದ ದೇವಾಪುರಕ್ಕೆ ಬರುವ ಅಲೆ ಅದನ್ನು ಅಡ್ಡ ಹಾಯಲೇಬೇಕು. ದೇವಾಪುರದಲ್ಲಿ ಗ್ರಹಣ ಪಾರ್ಶ್ವವಾದರೂ ಅಲೆಯ ದಾರಿ ನೆರಳಿನ ನಟ್ಟನಡುವೆ ಹಾದುಹೋಗುತ್ತಿತ್ತು. 2009ರ ಜುಲೈ 22ರ ಖಗ್ರಾಸ ಗ್ರಹಣದಲ್ಲಿ ಕೋಲ್ಕತ್ತದ ಇಂಡಿಯನ್ ಸೆಂಟರ್ ಫಾರ್ ಸ್ಪೇಸ್ ಫಿಸಿಕ್ಸ್ ತಂಡ ಹಲವು ಊರುಗಳಲ್ಲಿ ರಿಸೀವರ್ ಇಟ್ಟು ಇದೇ ವಿಟಿಎಕ್ಸನ್ನು ಅಳೆದಿತ್ತು. ಒಂದು ಕಡೆ ಬಲ ಏರಿತ್ತು, ಇನ್ನೊಂದು ಕಡೆ ಇಳಿದಿತ್ತು. ಬೇರೆ ಬೇರೆ ಪುಟಿತದ ಅಲೆಗಳು ಕೂಡುವುದೋ ಕಳೆಯುವುದೋ ಎಂಬುದು ದೂರದ ಮೇಲೆ ನಿಂತಿದೆ. ಹಾಗಾಗಿ ದೇವಾಪುರದ ಉತ್ತರ ದೇವಾಪುರದಲ್ಲೇ ಸಿಗಬೇಕಿತ್ತು.

ಅಂದು ಎಳ್ಳ ಅಮಾವಾಸ್ಯೆಯ ಹೊತ್ತು. ಬೇರೆ ವರ್ಷವಾಗಿದ್ದರೆ ಊರಿಗೆ ಊರೇ ಸಜ್ಜೆ ಕಡಬು, ಭಜ್ಜಿ ಪಲ್ಯ ಹೊತ್ತು ಚರಗ ಚೆಲ್ಲಲು ಹೊಲಕ್ಕೆ ಹೊರಡುತ್ತಿತ್ತು. ಗ್ರಹಣವಿದ್ದದ್ದರಿಂದ ಬೆಳಿಗ್ಗೆ ಬಾಗಿಲುಗಳು ಮುಚ್ಚಿದ್ದವು. ಅದೇ ಬೆಳಿಗ್ಗೆ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲತೆ ವಾಸಿಯಾದೀತೆಂದು ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಆ ಚಿತ್ರ ನೋಡಿದ ಸಂಕಟ ಈಗಲೂ ಹೋಗಿಲ್ಲ. ಗ್ರಹಣ ಅಳೆಯುವ ಕೆಲಸವನ್ನು ಹಳ್ಳಿಯಲ್ಲೇ, ಮಕ್ಕಳ ಕಣ್ಣೆದುರೇ ಮಾಡಬೇಕು ಎಂದು ನಾನು ಹಟ ಹಿಡಿಯುವುದು ಅದಕ್ಕೇ.

ಎಂಟು ದಾಟುತ್ತಿದ್ದಂತೆ ಸ್ಪರ್ಶ. ತೆರೆಯ ಮೇಲೆ ಗೆರೆ ನಿಚ್ಚಳವಾಗಿತ್ತು. ಜನ ಮನೆಯೊಳಗೆ, ಮೋಟಾರು ಬಂದ್, ಹೊಲವೆಲ್ಲ ಸ್ತಬ್ಧ. ತ್ರೀ ಫೇಸ್ ಅಂದು ರಾತ್ರಿ ಪಾಳಿಗೆ ಎಂದು ವಿದ್ಯುತ್ ಕಚೇರಿಯ ಸಾಹೇಬರು ಬಾಯಿಮಾತಲ್ಲಿ ಹೇಳಿದ್ದರು. ಮಧ್ಯಕಾಲ ಒಂಬತ್ತೂವರೆ ಸುಮಾರಿಗೆ. ಅದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಹಠಾತ್ತನೆ ತ್ರೀ ಫೇಸ್ ಬಂತು. ಮನುಷ್ಯರು ಹೊರಬರದಿದ್ದರೇನು, ಪಂಪ್‌ಸೆಟ್ಟುಗಳಿಗೆಲ್ಲ ಆಟೋ ಸ್ಟಾರ್ಟರ್ ಇದೆ. ಒಂದಾದ ಮೇಲೊಂದು ತಾವಾಗಿಯೇ ಶುರುವಾದವು. ಲೋಡು ಏರುತ್ತಿದ್ದಂತೆ ಟಿಸಿ (ಟ್ರಾನ್ಸ್‌ಫಾರ್ಮರ್) ಕಂಬದ ಮೇಲಿನ ಸಡಿಲ ಜಂಪರ್ ಚಿಟಚಿಟ ಕಿಡಿ ಕಾರಿತು. ತೆರೆ ಕೆಳಗಿಂದ ಮೇಲಿನವರೆಗೆ ಬೆಳ್ಳಗಾಗಿ 18.2ರ ಗೆರೆ ಅದರಲ್ಲಿ ಮುಳುಗಿಹೋಯಿತು.

ಲೂಪ್ ತಿರುಗಿಸಿದೆ. ಲೂಪಿನ ಒಳ್ಳೆಯ ಗುಣವೆಂದರೆ ತನ್ನ ಸಮತಲದ ದಿಕ್ಕಿನದನ್ನು ಚೆನ್ನಾಗಿ ಹಿಡಿದು ಅಡ್ಡ ದಿಕ್ಕಿನದನ್ನು ಬಿಟ್ಟುಬಿಡುವುದು. ಆದರೆ ಕಂಬ ಇದ್ದದ್ದು ಲೂಪಿನ ಉತ್ತರಕ್ಕೆ, ವಿಟಿಎಕ್ಸ್ ದಕ್ಷಿಣಕ್ಕೆ. ಗದ್ದಲ ಕಳೆದರೆ ಅಲೆಯೂ ಹೋಗುತ್ತಿತ್ತು, ಅಲೆ ಹಿಡಿದರೆ ಗದ್ದಲವೂ ಬರುತ್ತಿತ್ತು. ಸಾಹೇಬರಿಗೆ ಫೋನು ಹಚ್ಚಿದೆ, ಎತ್ತಲಿಲ್ಲ. ಮತ್ತೆ ಹಚ್ಚಿದೆ. ಅತ್ತ ಆಕಾಶದಲ್ಲಿ ನೆರಳು ಕೊಯಮತ್ತೂರಿನ ಮೇಲೆ ಹಾಯುತ್ತಿತ್ತು, ಇತ್ತ ನಾನು ಕಂಬದ ಕೆಳಗೆ ತಲೆಯೆತ್ತಿ ಕಿಡಿ ನೋಡುತ್ತ ನಿಂತಿದ್ದೆ. ಕರೆಂಟು ಹೋದದ್ದು ಮೋಕ್ಷಕಾಲ ಹತ್ತಿರವಾದಾಗ. ಗೆರೆ ಮತ್ತೆ ಕಂಡಿತು, ಆದರೆ ಅಳೆಯಬೇಕಾದದ್ದು ಆಗಲೇ ಮುಗಿದಿತ್ತು.

ಆ ಜಂಪರ್ ಬಗ್ಗೆ ದೀಪಾವಳಿಗೂ ಮೊದಲೇ ಅರ್ಜಿ ಬರೆದುಕೊಟ್ಟಿದ್ದೆ. ‘ಕರೆಂಟ್ ಬರ್ಲಾಕತ್ತದ ಇಲ್ರಿ? ಮತ್ತೇನ್ ಬೇಕು ನಿಮಗ?’ ಎಂದು ಸಾಹೇಬರು ಕಾಗದ ಪಕ್ಕಕ್ಕಿಟ್ಟಿದ್ದರು. ಕಿಡಿ ಹಾರುವ ಜಂಪರ್ ರೇಡಿಯೊಗಿಂತ ಮೊದಲು ಹೊಲದ ಬೆಳೆಗೆ ಅಪಾಯ, ಅಷ್ಟನ್ನಾದರೂ ಅವರು ನೋಡಬೇಕಿತ್ತು. ಇನ್ನು ನಮ್ಮ ಕಾಕಾ. ಹೊಲದ ಪಡುವಣ ಮೂಲೆ ಕೇಳಿದ್ದೆ. ಅಲ್ಲಿಂದ ಕಂಬ ಪೂರ್ವಕ್ಕೆ ಬೀಳುತ್ತದೆ, ಗದ್ದಲ ಲೂಪಿನ ಕುರುಡು ದಿಕ್ಕಿಗೆ ಹೋಗುತ್ತದೆ. ‘ತೊಗರಿ ರಾಶಿ ಆಗೋತನಕ ಅಲ್ಲಿ ಕಾಲಿಡಬ್ಯಾಡ ತಮ್ಮಾ’ ಅಂದುಬಿಟ್ಟರು. ನಾಲ್ಕು ಮೊಳ ಜಾಗದಲ್ಲಿ ಎಷ್ಟು ತೊಗರಿ ಹಾಳಾಗುತ್ತಿತ್ತು?

ಈ ಹಾದಿಗೆ ಬರುವವರು ಮೊದಲು ನೋಡಬೇಕಾದದ್ದು ಆಕಾಶವನ್ನಲ್ಲ, ಕಂಬಗಳನ್ನು. ಹೊಲದ ನಕ್ಷೆ ಬರೆದು ಟಿಸಿ, ಲೈನು, ಝಟಕಾ ಬೇಲಿಯ ಯಂತ್ರ ಎಲ್ಲವನ್ನೂ ಗುರುತಿಸಿ, ಅವು ವಿಟಿಎಕ್ಸ್ ದಿಕ್ಕಿಗೆ ಅಡ್ಡ ಬೀಳುವ ಜಾಗ ಆರಿಸಬೇಕು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ನಡೆಯಲಿ, ಚಾರ್ಜರು ತಾನೇ ಒಂದು ಗದ್ದಲ. ಗ್ರಹಣಕ್ಕೆ ಮುಂಚಿನ ಮತ್ತು ನಂತರದ ಮಾಮೂಲಿ ದಿನಗಳ ದಾಖಲೆ ಇಲ್ಲದಿದ್ದರೆ ಆ ದಿನದ ಗೆರೆಗೆ ಅರ್ಥವಿಲ್ಲ. ಗೆರೆ ಮಾಯವಾದರೆ ಕೇಂದ್ರವೇ ಬಂದ್ ಆಗಿದೆಯೋ ಎಂದು ತಿಳಿಯಲು ಆಸ್ಟ್ರೇಲಿಯಾದ ನಾರ್ತ್ ವೆಸ್ಟ್ ಕೇಪ್‌ನ 19.8 ಕಿಲೋಹರ್ಟ್ಸ್ ಅಲೆಯನ್ನೂ ಜೊತೆಗೆ ಬರೆಸಿಕೊಳ್ಳಬೇಕು. ಕರೆಂಟಿನ ಪಾಳಿ ಕಾಗದದ ಮೇಲೆ ಬರಲಿ.

ಪಡುವಣ ಮೂಲೆ ಕೊನೆಗೂ ಸಿಕ್ಕಿತು. 2024ರ ಮೇ 10, ಬಸವ ಜಯಂತಿ. ಮಧ್ಯಾಹ್ನ 12.24ಕ್ಕೆ ಎಕ್ಸ್ ವರ್ಗದ ಸೌರಜ್ವಾಲೆ ಉತ್ತುಂಗಕ್ಕೇರಿತು. ಅಲೆಯ ಚಾವಣಿಯನ್ನು ಕದಲಿಸುವ ಅದರ ಕ್ಷಕಿರಣ ಭೂಮಿಗೆ ಬರಲು ಎಂಟು ನಿಮಿಷಕ್ಕೆ ತುಸು ಹೆಚ್ಚು ಸಾಕು, ಮುನ್ಸೂಚನೆಗೆ ಎಡೆಯೇ ಇಲ್ಲ. ಊರಲ್ಲಿ ಎತ್ತುಗಳ ಮೆರವಣಿಗೆಯ ಹಲಗೆ ಸದ್ದು ಕೇಳುತ್ತಿದ್ದಾಗ ಗೆರೆ ಇದ್ದಕ್ಕಿದ್ದಂತೆ ಕದಲಿ, ನಿಧಾನಕ್ಕೆ ಮೊದಲಿನ ಜಾಗಕ್ಕೆ ಮರಳಿತು. ಅದೇ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾದದ್ದನ್ನು ಪತ್ರಿಕೆಗಳೆಲ್ಲ ಬರೆದವು. ಜ್ವಾಲೆಯ ಹೊಡೆತ ನಮ್ಮ ತೊಗರಿ ಹೊಲದಲ್ಲಿ ಹಾಡುಹಗಲೇ ದಾಖಲಾಗಿತ್ತು ಎಂಬ ಹೆಮ್ಮೆ ನನಗಿದೆ.

2031ರ ಮೇ 21ರಂದು ಮತ್ತೊಂದು ಕಂಕಣ ಗ್ರಹಣ ಕೇರಳ, ತಮಿಳುನಾಡುಗಳ ಮೇಲೆ ಹಾಯುತ್ತದೆ. ಈ ಸಲವೂ ವಿಟಿಎಕ್ಸ್–ದೇವಾಪುರ ದಾರಿಗೆ ಅಡ್ಡವಾಗಿಯೇ. ಬೇಸಿಗೆಯಾದ್ದರಿಂದ ತೊಗರಿ ರಾಶಿ ಮುಗಿದು ಹೊಲ ಖಾಲಿ ಇರುತ್ತದೆ. ಎರಡನೆಯ ಲೂಪನ್ನು ಶಹಾಪುರದ ಕಡೆ ನಿಲ್ಲಿಸಬೇಕೆಂದಿದ್ದೇನೆ. ಅಲ್ಲಿ ಲೈನಿನಿಂದ ದೂರದ ಹೊಲವಿದ್ದವರು ಮುಂದೆ ಬಂದರೆ ಮಾಮೂಲಿ ದಿನಗಳ ದಾಖಲೆಯನ್ನು ಈ ವರ್ಷದಿಂದಲೇ ಶುರುಮಾಡಬಹುದು.