ಮೊನೆಗೆ ಮೊನೆ ತಾಗಿದ ಎರಡು ಬಾಣ

ಮನೆತನದ ರಿವಾಲ್ವರಿನ ಪೂರ್ವಾಪರ ಹುಡುಕುವವರು ಸಾಮಾನ್ಯವಾಗಿ ಹಿರಿಯರ ಮಾತಿನಿಂದ ಶುರುಮಾಡುತ್ತಾರೆ. ಈ ಕೆಲಸದಲ್ಲಿ ನಾನು ಕಲಿತದ್ದು ಅದರ ತಿರುಗಮುರುಗ: ಮೊದಲು ಉಕ್ಕು, ಆಮೇಲೆ ಕಾಗದ, ಕತೆ ಕಟ್ಟಕಡೆಗೆ. ಪುಣೆಯಲ್ಲಂತೂ ಈ ಕ್ರಮ ಬಿಡಲೇಬಾರದು. ಸೇನೆಯ ದಕ್ಷಿಣ ಕಮಾಂಡಿನ ಕೇಂದ್ರ ಇಲ್ಲಿದೆ, ಖಡಕಿಯಲ್ಲಿ 1869ರಿಂದ ಮದ್ದುಗುಂಡಿನ ಕಾರ್ಖಾನೆಯಿದೆ. ಇಂಥ ಊರಲ್ಲಿ ಯಾವ ಹಳೇ ರಿವಾಲ್ವರಿಗಾದರೂ ಒಬ್ಬ ಕರ್ನಲ್ ಸಾಹೇಬ ಸಲೀಸಾಗಿ ಅಂಟಿಕೊಳ್ಳುತ್ತಾನೆ. ಬಿಳಿಯ ಅಧಿಕಾರಿ ತನ್ನ ದೇಶಕ್ಕೆ ಹೊರಟಾಗ ಅಜ್ಜನನ್ನು ಮೆಚ್ಚಿ ಕೊಟ್ಟದ್ದು ಎಂಬ ಮಾತು ತೀರಾ ಸಾಮಾನ್ಯ. ಹೀಗೆ ಮೆಚ್ಚುವ ಅಧಿಕಾರಿಗಳು ಅಷ್ಟೊಂದು ಜನ ಇದ್ದಿದ್ದರೆ ಸ್ವಾತಂತ್ರ್ಯ ಚಳವಳಿಯೇ ಬೇಕಿರಲಿಲ್ಲ.

ಉಕ್ಕಿಗೆ ಯಾರ ದಾಕ್ಷಿಣ್ಯವೂ ಇಲ್ಲ. ವೆಬ್ಲಿ ಮಾರ್ಕ್ 6 ಅನ್ನೇ ತೆಗೆದುಕೊಳ್ಳಿ: ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದದ್ದು, .455 ಬೋರು, ಬ್ರಿಟಿಷ್ ಸೇನೆ 1915ರಲ್ಲಿ ಒಪ್ಪಿಕೊಂಡದ್ದು. ನಳಿಗೆಯನ್ನು ಕೆಳಕ್ಕೆ ಬಾಗಿಸಿ ತೆರೆಯುವ ಜಾತಿ. ಹಿಡಿಯ ಬುಡದಲ್ಲಿ ಹುರಿ ಕಟ್ಟಲು ಒಂದು ಬಳೆ. ಮೈಮೇಲೆ ಹೆಸರು, ವರ್ಷ, ನಂಬರು ಒತ್ತಿರುತ್ತಾರೆ. ಭೂತಗನ್ನಡಿ ಹಿಡಿದು ನೋಡಿದರೆ ಕೋಳಿ ಹೆಜ್ಜೆಯಂಥ ಬಾಣವೊಂದು ಕಾಣಬಹುದು. ಸರ್ಕಾರದ ಸ್ವತ್ತು ಎಂಬುದಕ್ಕೆ ಅದು ಠಸ್ಸೆ. ಅಂಥವೇ ಎರಡು ಬಾಣಗಳು ಮೊನೆಗೆ ಮೊನೆ ತಾಗಿ ನಿಂತಿದ್ದರೆ ಸರ್ಕಾರವೇ ಅದನ್ನು ಸೇವೆಯಿಂದ ತೆಗೆದು ಮಾರಿದೆ ಎಂದರ್ಥ. ಸೋಜರನ ಕೈಯಿಂದ ಕಸಿದ ಕತೆ ಅಲ್ಲಿಗೆ ಸೊರಗುತ್ತದೆ. ಬಾಣವೇ ಇಲ್ಲವೆಂದರೆ ಯುದ್ಧ ಕಂಡಿಲ್ಲ ಎಂದು ಹೇಳಲಾಗದು. ಅಧಿಕಾರಿಗಳು ಸ್ವಂತ ದುಡ್ಡಿನಲ್ಲಿ ರಿವಾಲ್ವರ್ ಕೊಳ್ಳುವ ರೂಢಿಯಿತ್ತು. ಇನ್ನು ಆಯುಧವನ್ನು ಪರೀಕ್ಷಿಸುವ ಪ್ರೂಫ್ ಹೌಸಿನ ಮುದ್ರೆ. ಕಿರೀಟದ ಕೆಳಗೆ ಬಿ.ಎನ್.ಪಿ. ಎಂಬ ಅಕ್ಷರಗಳಿದ್ದರೆ ಆ ಪರೀಕ್ಷೆ ಬರ್ಮಿಂಗ್‌ಹ್ಯಾಮಿನಲ್ಲಿ ನಡೆದದ್ದು 1954ಕ್ಕಿಂತ ಮೊದಲಲ್ಲ. 1947ರಲ್ಲಿ ಹಡಗು ಹತ್ತಿದ ಸಾಹೇಬ ಅದನ್ನು ಪುಣೆಯಲ್ಲಿ ಬಿಟ್ಟುಹೋಗಿರಲು ಹೇಗೆ ಸಾಧ್ಯ? ಇದಕ್ಕೇ ಹೇಳುವುದು, ತುಕ್ಕು ಕಂಡಿತೆಂದು ಉಪ್ಪುಕಾಗದ ಹಿಡಿದು ಕೂರಬೇಡಿ. ಗುರುತಿನ ನಂಬರು ಅಳಿಸುವುದು ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಪರಾಧವೂ ಹೌದು.

ಆದರೆ ಉಕ್ಕು ಹುಟ್ಟಿದ್ದನ್ನು ಹೇಳೀತೇ ಹೊರತು ಕೈ ಬದಲಿಸಿದ್ದನ್ನು ಹೇಳದು. ಅದಕ್ಕೆ ಹಳೆಯ ಲೈಸೆನ್ಸ್ ಪುಸ್ತಕ, ಅಂಗಡಿಯ ರಸೀದಿ ಬೇಕು. ಪುಣೆಯ ಕನ್ನಡ ಕುಟುಂಬಗಳು ಒಂದು ಮಾತು ನೆನಪಿಡಬೇಕು: 1956ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಪುಣೆಯೂ ಒಂದೇ ಮುಂಬೈ ಆಡಳಿತದಲ್ಲಿದ್ದವು. ಧಾರವಾಡದ ಲೈಸೆನ್ಸು ಪುಣೆಯ ಪೆಟ್ಟಿಗೆಯಲ್ಲಿ ಸಿಕ್ಕರೆ ಅದು ಒಗಟಲ್ಲ, ಸುಳಿವು. ಗುಮಾಸ್ತನ ಕೈಬರಹವನ್ನು ನಂಬಬಹುದೇ ಎಂದು ಕೇಳುವವರಿದ್ದಾರೆ. ಮೂರನ್ನು ಎಂಟು ಮಾಡುವುದು ಅವನಿಗೆ ಎಷ್ಟರ ಮಾತು! ಒಪ್ಪಿದೆ, ಅದಕ್ಕಾಗಿಯೇ ಉಕ್ಕನ್ನು ಮೊದಲು ಓದಿಟ್ಟುಕೊಳ್ಳಬೇಕು.

ಹುಡುಕಿದರೆ ಎಲ್ಲವೂ ಸಿಗುತ್ತದೆ ಎಂಬ ಭರವಸೆ ಮಾತ್ರ ನನಗೆ ಉಳಿದಿಲ್ಲ. ಗಾಂಧೀಜಿಯ ಮೇಲೆ ಗುಂಡು ಹಾರಿಸಿದ ಆಯುಧಕ್ಕಿಂತ ಹೆಚ್ಚು ತನಿಖೆ ಕಂಡ ಆಯುಧ ಈ ದೇಶದಲ್ಲಿ ಇರಲಿಕ್ಕಿಲ್ಲ. ಅದು ರಿವಾಲ್ವರಲ್ಲ, ಬೆರೆಟಾ ಪಿಸ್ತೂಲು, ನಂಬರು 606824. ಪುಣೆಯಿಂದ ಪತ್ರಿಕೆ ನಡೆಸುತ್ತಿದ್ದ ನಾಥೂರಾಮ ಗೋಡ್ಸೆಗೆ ಅದು ಗ್ವಾಲಿಯರ್‌ನಲ್ಲಿ ಸಿಕ್ಕಿತೆಂಬುದು ಪ್ರಾಸಿಕ್ಯೂಷನ್ನಿನ ವಾದ. ಇಟಲಿಯಿಂದ ಗ್ವಾಲಿಯರ್‌ಗೆ ಬಂದ ದಾರಿಯ ವಿಷಯಕ್ಕೆ ಬಂದರೆ ಅಬಿಸೀನಿಯಾದ ಯುದ್ಧರಂಗದ ಕತೆಯನ್ನೇ ಹೇಳುತ್ತಾರೆ. ಅಷ್ಟು ದೊಡ್ಡ ಮೊಕದ್ದಮೆಗೇ ಕತೆಯ ಆಸರೆ ಬೇಕಾದರೆ ನಮ್ಮ ಅಟ್ಟದ ಪೆಟ್ಟಿಗೆಯ ಪಾಡೇನು?

ಹಾಗಾದರೆ ಕತೆಯನ್ನು ಯಾಕೆ ಹೀಗಳೆಯಬೇಕು, ಕೊಡಗಿನಲ್ಲಿ ಕೋವಿಯ ಚರಿತ್ರೆ ಮನೆಮಾತಿನಲ್ಲೇ ಉಳಿದಿಲ್ಲವೇ ಎಂದು ಕೇಳಬಹುದು. ತೂಕದ ಪ್ರಶ್ನೆ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯಿದೆ, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಅಲ್ಲಿ ಕೈಲ್‌ಪೊಳ್ದ್ ಹಬ್ಬ ಬಂತೆಂದರೆ ಕೋವಿಯನ್ನು ತೊಳೆದು ತೋಕ್‌ಪೂ ಹೂ ಸಿಕ್ಕಿಸಿ, ಇಡೀ ಒಕ್ಕದ (ಮನೆತನದ) ಎದುರು ಪೂಜಿಸುತ್ತಾರೆ. ವರ್ಷವರ್ಷ ಹತ್ತು ಕಿವಿಗಳ ಮುಂದೆ ಹೇಳಿದ ಮಾತಿಗೆ ತಿದ್ದುವವರು ಇರುತ್ತಾರೆ. ಪುಣೆಯ ಫ್ಲ್ಯಾಟಿನ ರಿವಾಲ್ವರು ಲಾಕರಿನಲ್ಲೇ ಮಲಗಿರುತ್ತದೆ. ಅದರ ಕತೆ ಹೇಳುವ ಬಾಯಿ ಒಂದೇ, ತಿದ್ದುವ ಕಿವಿ ಇಲ್ಲ.

ಇಷ್ಟೆಲ್ಲ ನಿಧಾನವಾಗಿ ನಡೆಯಬಹುದು, ಕಾನೂನು ಮಾತ್ರ ಕಾಯುವುದಿಲ್ಲ. ಲೈಸೆನ್ಸುದಾರರು ತೀರಿಕೊಂಡರೆ ತಡಮಾಡದೆ ಆಯುಧವನ್ನು ಠಾಣೆಯಲ್ಲೋ ಲೈಸೆನ್ಸುಳ್ಳ ವ್ಯಾಪಾರಿಯ ಬಳಿಯೋ ಇಡಬೇಕು. ವಾರಸುದಾರರ ಅರ್ಜಿ ಆಮೇಲಿನದು. .455 ಆದರಂತೂ ಅದು ಪ್ರೊಹಿಬಿಟೆಡ್ ಬೋರು, ಲೈಸೆನ್ಸು ಕೊಡುವುದು ದಿಲ್ಲಿಯ ಗೃಹ ಸಚಿವಾಲಯ. 2019ರ ತಿದ್ದುಪಡಿಯ ನಂತರ ಪಿತ್ರಾರ್ಜಿತವೂ ಸೇರಿ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಇರುವಂತಿಲ್ಲ. ಒಪ್ಪಿಸುವಾಗ ಕೊಡುವ ರಸೀದಿಯಲ್ಲಿ ನಂಬರನ್ನು ಅಂಕಿ ಅಂಕಿಯಾಗಿ ತಾಳೆ ನೋಡಿಕೊಳ್ಳಿ. ಮನೆಯ ನೋಟುಪುಸ್ತಕದಲ್ಲೂ ಅದನ್ನೇ ಬರೆದು, ಕೆಳಗೆ ತಯಾರಾದ ವರ್ಷ, ಮೊದಲ ಲೈಸೆನ್ಸಿನ ವರ್ಷ, ನಡುವೆ ಒಂದು ಗೆರೆ. ಗೆರೆಯ ಮೇಲೆ ಪೆನ್ಸಿಲಿನಲ್ಲಿ: ‘ಗೊತ್ತಿಲ್ಲ. ಅಜ್ಜ ಹೇಳುತ್ತಿದ್ದದ್ದು ಹೀಗೆ.’