ಕೂದಲು ಕಸಿ: ಹಣೆಯ ಗೆರೆ ಎಲ್ಲಿ ಎಳೆಯಬೇಕು?

ಪ್ರಶ್ನೆ: ನನಗೆ 24 ವರ್ಷ, ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕೆಲಸ. ಹಣೆ ಎರಡೂ ಮೂಲೆಯಲ್ಲಿ ಮೇಲಕ್ಕೇರುತ್ತಿದೆ. ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ. ಪಿಯುಸಿಯಲ್ಲಿದ್ದಾಗಿನ ಫೋಟೊ ತೋರಿಸಿ ಅದೇ ಹೇರ್‌ಲೈನ್ ಮಾಡಿಸಿಕೊಳ್ಳಬಹುದೇ?

ಉತ್ತರ: ಮಾಡಿಕೊಡುವವರು ಸಿಗುತ್ತಾರೆ, ಆದರೆ ಮಾಡಿಸಿಕೊಳ್ಳಬಾರದು. ಹದಿನೇಳರ ಹುಡುಗನ ಕೂದಲು ಹಣೆಯ ನಿರಿಗೆಗೆ ತಾಗಿಕೊಂಡೇ ಶುರುವಾಗುತ್ತದೆ. ವಯಸ್ಸಿಗೆ ಬಂದಮೇಲೆ ಅದು ಬೆರಳಗಲ ಹಿಂದೆ ಸರಿದರೆ ಬೋಳು ಎನ್ನುವುದಿಲ್ಲ. ಕನ್ನಡಿಯ ಮುಂದೆ ಹುಬ್ಬು ಎತ್ತಿ ನೋಡಿ. ಎಲ್ಲಕ್ಕಿಂತ ಮೇಲಿನ ನಿರಿಗೆಯಿಂದ ಕೂದಲಿಗೆ ಸುಮಾರು ಒಂದೂವರೆ ಸೆಂಟಿಮೀಟರ್ ಅಂತರವಿದ್ದರೆ ಗಾಬರಿ ಬೇಡ.

ಅದಕ್ಕೂ ಹಿಂದೆ ಹೋಗಿದ್ದರೆ ವೈದ್ಯರು ಹ್ಯಾಮಿಲ್ಟನ್–ನಾರ್ವುಡ್ ಮಾಪಕದಲ್ಲಿ ಹಂತ ಗುರುತಿಸುತ್ತಾರೆ. 1951ರಲ್ಲಿ ಹ್ಯಾಮಿಲ್ಟನ್ ರೂಪಿಸಿ 1975ರಲ್ಲಿ ನಾರ್ವುಡ್ ತಿದ್ದಿದ ಈ ಮಾಪಕದಲ್ಲಿ ಏಳು ಹಂತಗಳಿವೆ. ಇಂದು ಎರಡನೆಯದರಲ್ಲಿರುವ ತಲೆ 45ರ ಹೊತ್ತಿಗೆ ಆರನೆಯದನ್ನು ಮುಟ್ಟಿದರೆ ಆಶ್ಚರ್ಯವಿಲ್ಲ. ತಂದೆ, ಚಿಕ್ಕಪ್ಪ, ಸೋದರಮಾವ, ಇಬ್ಬರು ಅಜ್ಜಂದಿರು, ಹೀಗೆ ಎರಡೂ ಕಡೆಯವರ ತಲೆ ನೋಡಿದರೆ ಒಂದು ಅಂದಾಜು ಸಿಗುತ್ತದೆ. ಬೋಳು ತಾಯಿಯ ಕಡೆಯಿಂದ ಮಾತ್ರ ಬರುತ್ತದೆ ಎಂಬ ಮಾತು ಅರ್ಧ ಸತ್ಯ.

ಇಲ್ಲಿ ಲೆಕ್ಕ ಮುಖ್ಯ. ಕಸಿಗೆ ಬೇಕಾದ ಬೇರುಗಳನ್ನು, ಅಂದರೆ ಗ್ರಾಫ್ಟ್‌ಗಳನ್ನು, ತೆಗೆಯುವುದು ಹಿಂದಲೆಯಿಂದ. ಅಲ್ಲಿನ ಕೂದಲು ಜಾಗ ಬದಲಿಸಿದರೂ ತನ್ನ ಗುಣ ಬಿಡುವುದಿಲ್ಲ ಎಂದು ನ್ಯೂಯಾರ್ಕಿನ ವೈದ್ಯ ನಾರ್ಮನ್ ಓರೆಂಟ್ರೀಚ್ 1950ರ ದಶಕದಲ್ಲಿ ತೋರಿಸಿಕೊಟ್ಟರು. ಆದರೆ ಜೀವಮಾನವಿಡೀ ಅಲ್ಲಿಂದ ತೆಗೆಯಬಹುದಾದದ್ದು ಹೆಚ್ಚಿನವರಲ್ಲಿ ಐದಾರು ಸಾವಿರ ಗ್ರಾಫ್ಟ್. ಹಣೆಯ ಗೆರೆಯನ್ನು ಒಂದೇ ಒಂದು ಸೆಂಟಿಮೀಟರ್ ಕೆಳಗಿಳಿಸಿದಿರಿ ಎನ್ನಿ. 12 ಸೆಂ.ಮೀ. ಅಗಲಕ್ಕೆ 12 ಚದರ ಸೆಂ.ಮೀ. ಜಾಗವಾಯಿತು. ಚದರಕ್ಕೆ 40ರಂತೆ 480 ಗ್ರಾಫ್ಟ್ ಅಲ್ಲೇ ಖರ್ಚು. ಮಡಿಯಲ್ಲಿರುವ ಮೆಣಸಿನ ಸಸಿಯನ್ನೆಲ್ಲ ರಸ್ತೆಗೆ ಕಾಣುವ ಸಾಲುಗಳಲ್ಲೇ ಒತ್ತಾಗಿ ನೆಟ್ಟು ಒಳಹೊಲ ಬೀಳುಬಿಡುವ ರೈತ ಬ್ಯಾಡಗಿ ಸೀಮೆಯಲ್ಲಿ ಸಿಗಲಾರ. ಹತ್ತು ವರ್ಷದ ಮೇಲೆ ಹಿಂದಿನ ಕೂದಲು ಉದುರಿ, ಹಣೆಯಲ್ಲಿ ನಾಟಿ ಮಾಡಿದ ಪಟ್ಟಿಯೊಂದೇ ಉಳಿದರೆ ಅದನ್ನು ಮುಚ್ಚಲು ಟೋಪಿಯೇ ಗತಿ.

ಆದ್ದರಿಂದ ಈ ವಯಸ್ಸಿಗೆ ಮೊದಲು ಔಷಧಿ: ಹಚ್ಚುವ ಮಿನಾಕ್ಸಿಡಿಲ್, ವೈದ್ಯರು ಒಪ್ಪಿದರೆ ನುಂಗುವ ಫಿನಾಸ್ಟರೈಡ್. ಎರಡನೆಯದು ಕೆಲವರಲ್ಲಿ ಲೈಂಗಿಕ ಆಸಕ್ತಿ ತಗ್ಗಿಸುವುದರಿಂದ ಮೆಡಿಕಲ್ ಶಾಪಿನಿಂದ ನೇರವಾಗಿ ತಂದು ನುಂಗಬೇಡಿ. ಒಂದು ವರ್ಷ ನೋಡಿ, ಉದುರುವುದು ನಿಂತಮೇಲೆ ಕಸಿಯ ಮಾತು. ‘ಒಂದು ಮೊಟ್ಟೆಯ ಕಥೆ’ (2017) ಚಿತ್ರದ ಬೋಳುತಲೆಯ ಕನ್ನಡ ಮೇಷ್ಟ್ರು ಹೆಣ್ಣು ಹುಡುಕುವುದನ್ನು ನೋಡಿ ನಕ್ಕವರಲ್ಲಿ ಅನೇಕರು ಮನೆಗೆ ಬಂದು ಕನ್ನಡಿ ನೋಡಿಕೊಂಡಿರಬೇಕು. ಆ ಅವಸರ ಅರ್ಥವಾಗುವಂಥದ್ದೇ. ಆದರೆ ಮದುವೆಯ ಫೋಟೊಕ್ಕೆಂದು ಎಳೆದ ಗೆರೆ ಐವತ್ತರಲ್ಲೂ ಅಲ್ಲೇ ಇರುತ್ತದೆ.

ಪ್ರಶ್ನೆ: ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇದೆ. ವಯಸ್ಸು 46, ಮುಂದೆಯೂ ನೆತ್ತಿಯಲ್ಲೂ ಕೂದಲಿಲ್ಲ. ಬಿ.ಪಿ. ಇದೆ. ಗೆರೆ ಸ್ಕೇಲಿಟ್ಟ ಹಾಗೆ ನೇರವಾಗಿರಲಿ ಎಂದು ಆಸೆ. ಎಷ್ಟು ದಿನ ಅಂಗಡಿ ಬಿಡಬೇಕು?

ಉತ್ತರ: ನೇರ ಗೆರೆಯೇ ಕಸಿಯ ಗುಟ್ಟನ್ನು ಬಿಟ್ಟುಕೊಡುವುದು. ಹುಟ್ಟಿನಿಂದ ಬಂದ ಗೆರೆ ಸಣ್ಣ ಸಣ್ಣ ತಿರುವುಗಳಲ್ಲಿ ಹಿಂದೆ ಮುಂದೆ ಆಗಿರುತ್ತದೆ. ಅದರ ಮುಂದೆ ಅಲ್ಲೊಂದು ಇಲ್ಲೊಂದು ಒಂಟಿ ಕೂದಲು. ಬಲ್ಲ ವೈದ್ಯರು ನಿಮ್ಮನ್ನು ಕೂರಿಸಿಯೇ ಗುರುತು ಹಾಕುತ್ತಾರೆ. ಹುಬ್ಬುಗಳ ನಡುವಿನಿಂದ ಟೇಪಿಟ್ಟು 8–9 ಸೆಂ.ಮೀ. ಮೇಲೆ ಮಾರ್ಕರಿನಲ್ಲಿ ಒಂದು ಚುಕ್ಕೆ, ಅಲ್ಲಿಂದ ಎರಡೂ ಪಕ್ಕಕ್ಕೆ ಹೋಗುತ್ತ ತುಸು ಹಿಂದೆ ಬಾಗುವ ಗೆರೆ. ಎದುರಿನಿಂದ, ಪಕ್ಕದಿಂದ ನೋಡಿ ಒರೆಸಿ ಮತ್ತೆ ಬರೆಯುತ್ತಾರೆ. ಮೂಲೆಗಳನ್ನು ಪೂರ್ತಿ ತುಂಬುವುದಿಲ್ಲ, ಏಕೆಂದರೆ ಗಂಡಸಿನ ಮುಖಕ್ಕೆ ಆ ಖಾಲಿ ಮೂಲೆ ಬೇಕು. ಮೊದಲ ಸಾಲುಗಳಿಗೆ ಒಂದೇ ಕೂದಲಿನ ಗ್ರಾಫ್ಟ್, ಹಿಂದಕ್ಕೆ ಎರಡು–ಮೂರು ಕೂದಲಿನವು. ನಿಮ್ಮ ಹಂತದಲ್ಲಿ ಮುಂಭಾಗ ಮೊದಲು. ನೆತ್ತಿಗೆ ಉಳಿದರೆ ಉಂಟು.

ಎಲ್ಲವನ್ನೂ ಒಂದೇ ದಿನ ಮುಗಿಸಿಕೊಡುತ್ತೇವೆ ಎನ್ನುವವರಿಂದ ದೂರವಿರಿ. 2019ರ ಮಾರ್ಚ್‌ನಲ್ಲಿ ಮುಂಬೈಯ ಉದ್ಯಮಿಯೊಬ್ಬರು ಒಂದೇ ಸಲಕ್ಕೆ 9,000ಕ್ಕೂ ಹೆಚ್ಚು ಗ್ರಾಫ್ಟ್ ಹಾಕಿಸಿಕೊಂಡ ಬೆನ್ನಿಗೇ ಅಲರ್ಜಿಯ ಲಕ್ಷಣಗಳು ಕಾಣಿಸಿಕೊಂಡು ತೀರಿಕೊಂಡರು. ಬಿ.ಪಿ. ಮಾತ್ರೆ, ರಕ್ತ ತೆಳುಮಾಡುವ ಮಾತ್ರೆ ಇದ್ದರೆ ಮೊದಲೇ ಹೇಳಿ, ಆದರೆ ನೀವಾಗಿ ನಿಲ್ಲಿಸಬೇಡಿ.

ನಾಟಿ ಮಾಡಿದ ಬೇರು ಗಟ್ಟಿಯಾಗಲು ಸುಮಾರು ಹತ್ತು ದಿನ ಬೇಕು. ಸೀಸನ್‌ನಲ್ಲಿ ಸೋಮವಾರ, ಗುರುವಾರ ನಿಮ್ಮ ಮಾರುಕಟ್ಟೆಯಲ್ಲಿ ಚೀಲ ಸುರಿಯುವಾಗ ಏಳುವ ಘಾಟು, ಸೀನು, ಬೆವರು, ತುರಿಕೆ ಯಾವುದೂ ಆ ದಿನಗಳಿಗೆ ಹೇಳಿದ್ದಲ್ಲ. ಎರಡು ವಾರ ಅಂಗಡಿಗೆ ಹೋಗದಿರುವುದು ಕ್ಷೇಮ. ಸೀಸನ್ ಮುಗಿದ ಮೇಲೆ ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು. ನಾಟಿ ಮಾಡಿದ ಕೂದಲು ತಿಂಗಳೊಳಗೆ ಉದುರುತ್ತದೆ, ಹೆದರಬೇಡಿ. ಮೂರು–ನಾಲ್ಕು ತಿಂಗಳಿಗೆ ಚಿಗುರುತ್ತದೆ, ಪೂರ್ತಿ ಕಾಣಲು ವರ್ಷ ಬೇಕು.

ಪ್ರಶ್ನೆ: ಹಾವೇರಿಯಿಂದ ನಮ್ಮ ಯಜಮಾನರು ಹುಬ್ಬಳ್ಳಿಗೋ ದಾವಣಗೆರೆಗೋ ಹೋಗಿ ಮಾಡಿಸಿಕೊಳ್ಳುತ್ತಾರಂತೆ. ಸಲೂನಿನಲ್ಲೂ ಕಡಿಮೆಗೆ ಮಾಡುತ್ತಾರೆ ಎಂದು ಯಾರೋ ಹೇಳಿದ್ದಾರೆ. ಯಾರನ್ನು ನಂಬುವುದು?

ಉತ್ತರ: ಸಲೂನು ಬೇಡವೇ ಬೇಡ. ಶಸ್ತ್ರಚಿಕಿತ್ಸೆಯ ತರಬೇತಿ ಪಡೆದ ಅಥವಾ ಚರ್ಮರೋಗ ತಜ್ಞರಾದ ನೋಂದಾಯಿತ ವೈದ್ಯರೇ ಕೂದಲು ಕಸಿ ಮಾಡಬೇಕು, ವಿಡಿಯೊ ನೋಡಿ ಕಲಿತದ್ದು ಸಾಲದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ವೈದ್ಯರ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಗೋಡೆಯ ಮೇಲೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪ್ರಮಾಣಪತ್ರ ಇದೆಯೇ ನೋಡಿ. ಗೆರೆ ಎಳೆಯುವವರು ಯಾರು, ರಂಧ್ರ ಮಾಡುವವರು ಯಾರು ಎಂದೂ ಕೇಳಿ. ಎರಡನ್ನೂ ಟೆಕ್ನಿಶಿಯನ್‌ಗೆ ಬಿಟ್ಟು ವೈದ್ಯರು ಹೊರನಡೆಯುವ ಕಡೆ ಮುಂಗಡ ಕೊಡಬೇಡಿ. ಆ ದಿನ ನೀವೂ ಜೊತೆಗೆ ಹೋಗಿ. ಗುರುತು ಹಾಕಿದ ಮೇಲೆ ಫೋಟೊ ತೆಗೆದುಕೊಂಡು ಇಬ್ಬರೂ ನೋಡಿ, ಇಷ್ಟವಾಗದಿದ್ದರೆ ಅರಿವಳಿಕೆ ಚುಚ್ಚುವ ಮೊದಲೇ ಹೇಳಿ ಅಳಿಸಿಸಿ.