ಗವಂತಿ ಹೊಲಿಗೆ ಮತ್ತು ಸಮಮಿತಿ: ಅಸುಂಡಿಯಲ್ಲಿ ಒಂದು ಗಣಿತ ಪಾಠ

ತರಗತಿ: 7. ಘಟಕ: ಸಮಮಿತಿ. ಅವಧಿ: 40 ನಿಮಿಷ. ಬೋಧನೋಪಕರಣಗಳು: ಕಸೂತಿ ಹಾಕಿದ ಬಟ್ಟೆ, ಚೌಕಳಿ ಹಾಳೆ, ಸಣ್ಣ ಕನ್ನಡಿ.

ಅಭ್ಯಾಸ ಬೋಧನೆಗೆ ಅಸುಂಡಿಗೆ ಹೋಗುವ ಮೊದಲು, ಕಸೂತಿ ಕಲಿಯಲು ಒಬ್ಬ ತಾಯಿಯ ಬಳಿ ನಾಲ್ಕು ಭಾನುವಾರ ಕುಳಿತಿದ್ದೆ. ಅವರ ಊರನ್ನಾಗಲಿ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಚಿಕ್ಕವರಿದ್ದಾಗ ಅವರಿಗೆ ಮುತ್ತು ಕಟ್ಟಿದ್ದರು. ನಮ್ಮ ರಾಜ್ಯದಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ 1982ರಲ್ಲಿ ಬಂತು. ಆಮೇಲೆ 1993-94 ಮತ್ತು 2007-08ರಲ್ಲಿ ನಡೆದ ಎರಡು ಸಮೀಕ್ಷೆಗಳಲ್ಲಿ ಒಟ್ಟು 46,660 ಮಹಿಳೆಯರನ್ನು ಗುರುತಿಸಲಾಯಿತು. ಗದಗವೂ ಆ ಜಿಲ್ಲೆಗಳಲ್ಲಿ ಒಂದು. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಪುನರ್ವಸತಿ ಯೋಜನೆ ಇದೆ. ಘಟಪ್ರಭಾದಲ್ಲಿ ಈ ಮಹಿಳೆಯರದೇ ಆದ 'ಮಾಸ್' ಸಂಸ್ಥೆಯೂ ಇದೆ. ಸಾಲ, ಮಾಸಾಶನ, ಹೊಲಿಗೆ ತರಬೇತಿ ಎಲ್ಲ ಕಾಗದದಲ್ಲಿ ಓದಿದ್ದೆ. ಸೂಜಿ ಹಿಡಿದ ಕೈಯನ್ನು ನೋಡಿದ್ದು ಇದೇ ಮೊದಲು.

ನನ್ನ ಪಾಠಯೋಜನೆಯ ವಿಷಯ ಪ್ರವೇಶದಲ್ಲಿ ಅವರ ಫೋಟೋ ತೋರಿಸಿ, ಕಥೆ ಹೇಳಿ, ಮಕ್ಕಳಲ್ಲಿ ಸಂವೇದನೆ ಮೂಡಿಸುವುದಾಗಿ ಬರೆದಿದ್ದೆ. ಅದನ್ನು ಅವರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕೋರ, ನನ್ನ ಸೂಜಿ ತೋರಸ್ರಿ, ನನ್ನ ಕೊಳ್ಳ ತೋರಸಬ್ಯಾಡ್ರಿ" ಅಂದರು. ಆ ಭಾಗವನ್ನು ಅಲ್ಲೇ ಹೊಡೆದುಹಾಕಿದೆ. ಅವರು ಕೊಟ್ಟ ಬಟ್ಟೆಯೊಂದನ್ನೇ ತರಗತಿಗೆ ಒಯ್ದೆ. ಈ ಲೇಖನವನ್ನು ಅವರಿಗೆ ಓದಿ ತೋರಿಸಿಯೇ ಕಳಿಸುತ್ತಿದ್ದೇನೆ.

ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳಿವೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ಎಳೆ ಎಣಿಸಿಯೇ ಹಾಕಬೇಕು. ಗಂಟೂ ಹಾಕುವುದಿಲ್ಲ. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಮನೆ ಬಿಟ್ಟು ಒಂದು ಮನೆ ಹೊಲಿಯುತ್ತದೆ, ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತದೆ. ಇದನ್ನು ಮಕ್ಕಳು ಚೌಕಳಿ ಹಾಳೆಯ ಮೇಲೆ ಎರಡು ಬಣ್ಣದ ಪೆನ್ಸಿಲ್ಲಿನಿಂದ ಮಾಡಿದರು. ಗೋಪುರದ ಚಿತ್ರದ ನಡುವೆ ಕನ್ನಡಿ ಇಟ್ಟು ಸಮಮಿತಿ ಅಕ್ಷವನ್ನು ತಾವೇ ಕಂಡುಕೊಂಡರು.

ಇಲ್ಲಿ ನಾನು ಎಡವಿದೆ. "ಕಸೂತಿಯ ಎಲ್ಲ ಚಿತ್ರಗಳಿಗೂ ಸಮಮಿತಿ ಇರುತ್ತದೆ" ಎಂದುಬಿಟ್ಟೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು, "ಇಲ್ರಿ ಟೀಚರ್, ಆನಿ ಒಂದ ಕಡೆ ಮಾರಿ ಮಾಡೇತಿ" ಅಂದಳು. ನಿಜ. ಒಂಟಿ ಆನೆಗೆ ಸಮಮಿತಿ ಅಕ್ಷವಿಲ್ಲ. ತಪ್ಪೊಪ್ಪಿಕೊಂಡು ಏನು ಮಾಡುವುದೆಂದು ಬಟ್ಟೆ ತಿರುವಿದೆ: ಬಲಕ್ಕೆ ನೋಡುತ್ತಿದ್ದ ಆನೆ ಹಿಂಬದಿಯಲ್ಲಿ ಎಡಕ್ಕೆ ನೋಡುತ್ತಿತ್ತು! ಎರಡೂ ಮಗ್ಗಲು ಒಂದೇ ತೆರನಾಗಿ ಕಾಣುವ ಹೊಲಿಗೆಯಲ್ಲಿ ಹಿಂಬದಿಯೇ ಪ್ರತಿಬಿಂಬ. ಇದು ನನ್ನ ಯೋಜನೆಯಲ್ಲಿ ಇರಲಿಲ್ಲ. ಪಾಠ ಜೀವ ಹಿಡಿದದ್ದು ಇಲ್ಲಿಯೇ.

ಕೊನೆಗೆ ಒಬ್ಬ ಹುಡುಗ, "ಇದಕ್ಕ ರೊಕ್ಕ ಎಷ್ಟ ಕೊಡ್ತಾರ್ರಿ?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಭಾನುವಾರ ಅವರನ್ನೇ ವಿಚಾರಿಸಿದೆ. ಒಂದು ಅಂಚಿಗೆ ದಿನಕ್ಕೆ ಆರು ತಾಸಿನಂತೆ ಐದು ದಿನ; ಕೂಲಿ 600 ರೂಪಾಯಿ. ಮರುಪಾಠದಲ್ಲಿ ಮಕ್ಕಳು ಲೆಕ್ಕ ಮಾಡಿದರು: 30 ತಾಸು, ತಾಸಿಗೆ 20 ರೂಪಾಯಿ. ಕಳೆ ತೆಗೆಯಲು ಹೋದರೆ ಇದರ ಎರಡು ಪಟ್ಟು ಸಿಗುತ್ತದೆಂದು ಅವರೇ ಹೇಳಿದ್ದರು. ಆದರೂ ಹೊಲಿಗೆ ಬಿಟ್ಟಿಲ್ಲ. ಮನೆಯ ಬಾಗಿಲಲ್ಲಿ ಕುಳಿತು ಮಾಡಬಹುದು, ಯಾರ ಮಾತೂ ಕೇಳಬೇಕಿಲ್ಲ ಎನ್ನುತ್ತಾರೆ.

ತರಬೇತಿ ಕೊಟ್ಟು ಮಾರುಕಟ್ಟೆ ಕೊಡದಿದ್ದರೆ ಅದನ್ನು ಪುನರ್ವಸತಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದ್ದರೂ, ಎಳೆ ಎಣಿಸುವ ಕಣ್ಣಿಗೆ ಬೆಲೆ ಕಟ್ಟುವವರು ಕೊಳ್ಳುವವರೇ. 1905ರಲ್ಲೇ ಕಣಗಿನಹಾಳದ ರೈತರು ಸಹಕಾರ ಸಂಘ ಕಟ್ಟಿದ ತಾಲೂಕು ನಮ್ಮದು. ಹೊಲಿಯುವ ಹೆಣ್ಣುಮಕ್ಕಳು ಒಟ್ಟಾಗಿ ದರ ಕೇಳುವುದು ಇಲ್ಲಿಗೆ ಹೊಸದಾಗಬೇಕಿಲ್ಲ.

ವೀಕ್ಷಕರು ನನ್ನ ಮೊದಲ ಪಾಠಕ್ಕೆ "ಮೌಲ್ಯಮಾಪನಕ್ಕೆ ಸಮಯ ಉಳಿಯಲಿಲ್ಲ" ಎಂದು ಬರೆದರು. ಸರಿಯೇ. ಮಕ್ಕಳ ಲೆಕ್ಕದ ಹಾಳೆಯನ್ನು ಆ ತಾಯಿಗೆ ಒಯ್ದು ಕೊಟ್ಟೆ. ಎರಡು ಸಲ ಓದಿಸಿಕೊಂಡು, ಮಡಚಿ, ದಾರದ ಡಬ್ಬಿಯಲ್ಲಿ ಇಟ್ಟುಕೊಂಡರು. ಮುಂದಿನ ಸಂಘದ ಸಭೆಗೆ ಒಯ್ಯುತ್ತಾರಂತೆ.